ಹಿಂದೆ ಇನ್ನೆಷ್ಟು

ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಬಂದಿಳಿದರು
ಸೇತುವೆಯ ಆಚೆಯವರು.
ಫ್ಲಿಂಟಿನಿಂದ ಹತ್ತು ಗಂಟೆಯ ದಾರಿ.
ನಾಲ್ಕು ಹಿಡಿಯುವ ಟ್ರೇಲರಿನ ಮೇಲೆ ಮೂರೇ ಗಾಡಿ,
ಡ್ವೈಟನ ಗಡ್ಡದಲ್ಲಿ ಚಿಪ್ಸಿನ ಚೂರು.
ಅಪ್ಪಿಕೊಳ್ಳುವ ಜನವಲ್ಲ ನಾವು.
ಪಟ್ಟಿ ಬಿಚ್ಚುತ್ತ, "ಮಳೆ ಬಂದಿತ್ತಾ?" ಎಂದ ಭಾವ.
"ಬುಧವಾರ," ಎಂದೆ.
ನವೆಂಬರಿನಿಂದ ಆಡದೆ ಉಳಿದದ್ದೆಲ್ಲ
ಅಷ್ಟರಲ್ಲೇ ಮುಗಿಯಿತು.

ಬೆಳಿಗ್ಗೆ ಲೆಂಪಿ ಮುದುಕಿ ಬೇಲಿಯಾಚೆಯಿಂದ
ಟವೆಲಿನಲ್ಲಿ ಸುತ್ತಿದ ಬಿಸಿ ಪಾಸ್ಟಿ ಕಡುಬು ದಾಟಿಸಿದಳು,
ಬಾಣಂತಿ ಕೂಸನ್ನು ಕೈ ಬದಲಿಸುವ ಹಾಗೆ.
ಎಣಿಸಿದೆ, ಆರು.
ಇರುವವರು ಐದೇ ಜನ. ಹೇಳಲಿಲ್ಲ.

ಹೊರಟೆವು. ಮುಂದೆ ಡ್ವೈಟ್,
ಅವನ ಬೆನ್ನಿಗೇ ಟಕರ್, ಹದಿನಾಲ್ಕು ವರ್ಷ,
ಹೆಲ್ಮೆಟ್ಟಿನೊಳಗೇ ಮೀಸೆ ಬೆಳೆಸುತ್ತಿರುವವನು.
ಆಮೇಲೆ ಕಾರ್ಖಾನೆಯ ಗೆಳೆಯ ಆರ್ವಲ್,
ಹಿಂದೆ ಅವನ ಸೊಂಟ ಹಿಡಿದು, ಬೈಯುತ್ತ, ಡೆನೀಸ್.
ಬಾಲಂಗೋಚಿ ನಾನು.

ತಾಮ್ರದ ಗಣಿಗೆ ಒಂದು ಕಾಲಕ್ಕೆ ರೈಲು ಓಡುತ್ತಿದ್ದ ಏರಿ;
ಹಳಿ ಕಿತ್ತು ಎಷ್ಟೋ ವರ್ಷವಾಯಿತು,
ಸ್ಲೀಪರಿನ ಗುಳಿಗಳು ಮಾತ್ರ ಇನ್ನೂ
ಬೆನ್ನುಮೂಳೆಯನ್ನು ಒಂದೊಂದಾಗಿ ಎಣಿಸುತ್ತವೆ.
ಎರಡು ಕಡೆ ಬರ್ಚ್, ಮೊಣಕಾಲೆತ್ತರದ ಜರಿಗಿಡ.
ಕೊನೆಯಲ್ಲಿ ಹೋಗುವವನಿಗೆ ಕಾಡು ಕಾಣುವುದಿಲ್ಲ,
ಮುಂದಿನವರ ಧೂಳು, ಅಷ್ಟೇ.
ಹಲ್ಲಿನ ಸಂದಿಯಲ್ಲಿ ಮರಳು ಕಡಿಯುತ್ತ ಅಂದುಕೊಂಡೆ,
ಇಪ್ಪತ್ತು ವರ್ಷ ಇದನ್ನೇ ತಿಂದಳಲ್ಲ ಐಲಿ,
ನನ್ನ ತಂಗಿ,
ಕೊನೆಯ ಜಾಗ ಯಾರಿಗೂ ಬಿಟ್ಟುಕೊಡದವಳು.
ದಾರಿಬದಿ ಥಿಂಬಲ್‌ಬೆರಿ ಕಂಡಲ್ಲೆಲ್ಲ ನಿಲ್ಲುವಳು.
ನಾವು ಕವಲಿನಲ್ಲಿ ಎಂಜಿನ್ ಆರಿಸಿ ಶಪಿಸುತ್ತಿದ್ದರೆ
ಕೆಂಪು ತುಟಿ ಒರೆಸುತ್ತ ಬರುವಳು,
ಹೆಲ್ಮೆಟ್ ತುಂಬ ಹಣ್ಣು, ತಲೆ ಬೋಳು ಗಾಳಿಗೆ.

ಕೆಸರಿನ ಹೊಂಡದಲ್ಲಿ ಆರ್ವಲ್ ಸಿಕ್ಕಿಬಿದ್ದ.
ಡೆನೀಸಳ ಒಂದು ಬೂಟು ಒಳಗೇ ಉಳಿಯಿತು,
ಈಗಲೂ ಅಲ್ಲೇ ಇರಬೇಕು.
ನಕ್ಕೆವು. ಡ್ವೈಟನೂ ನಕ್ಕ,
ನಕ್ಕು, ಹಿಂದೆ ತಿರುಗಿ ನೋಡಿದ.

ಎದುರಿನಿಂದ ಗಾಡಿ ಬಂದರೆ ಬೆರಳು ಎತ್ತಬೇಕು ಇಲ್ಲಿ,
ನನ್ನ ಹಿಂದೆ ಇನ್ನಿಷ್ಟು ಗಾಡಿ ಇವೆ ಎಂದು.
ಕೊನೆಯವರು ಮುಷ್ಟಿ ಹಿಡಿಯಬೇಕು:
ಮುಗಿಯಿತು, ದಾರಿ ನಿಮ್ಮದು.

ಗುಡ್ಡದ ತಿರುವಿನಲ್ಲಿ ಬಂದರು ಇಬ್ಬರು,
ಅಪ್ಪ, ಗುಲಾಬಿ ಹೆಲ್ಮೆಟ್ಟಿನ ಪುಟ್ಟ ಮಗಳು.
ಮೇಲಿನ ಸುತ್ತಿನಲ್ಲಿದ್ದ ಡ್ವೈಟನ ಕೈ ಕೆಳಗಿನಿಂದ ಕಂಡಿತು.
ನಾಲ್ಕು ಬೆರಳು.
ನಾವು ಹಿಂದೆ ಇದ್ದದ್ದು ಮೂರು ಗಾಡಿ.
ತಪ್ಪು, ಮಾರಾಯ, ಅಂದುಕೊಳ್ಳುವಷ್ಟರಲ್ಲಿ
ನನ್ನ ಸರದಿ ಬಂದು, ನನ್ನ ಕೈ ತಾನಾಗಿ ಎದ್ದು,
ತೋರುಬೆರಳು ತೋರಿಸಿಬಿಟ್ಟಿತ್ತು.
ಒಂದು.

ಕನ್ನಡಿಯಲ್ಲಿ ನೋಡಿದೆ.
ಅವರು ಗಾಡಿಯನ್ನು ಜರಿಗಿಡಗಳ ಮೇಲೆ ಹತ್ತಿಸಿ,
ಎಂಜಿನ್ ಆರಿಸಿ,
ಬರಲಿರುವವಳಿಗಾಗಿ ದಾರಿ ಬಿಟ್ಟು ಕೂತಿದ್ದರು.
ಮಗು ಕತ್ತು ಚಾಚಿ ನೋಡುತ್ತಿತ್ತು.

ತಕ್ಷಣ ತಿರುಗಬೇಕಿತ್ತು.
ತಿರುಗಲಿಲ್ಲ.
ಒಂದು ನಿಮಿಷ, ಹೆಚ್ಚೆಂದರೆ ಎರಡು,
ಅವಳ ಹೆಸರೂ ಗೊತ್ತಿಲ್ಲದ ಇಬ್ಬರು ಅವಳನ್ನು ಕಾಯಲಿ ಎಂದು
ಬ್ರೇಕಿನ ಮೇಲೆ ಕಾಲಿಟ್ಟು ಸುಮ್ಮನೆ ನಿಂತೆ.

ಆಮೇಲೆ ಹೋದೆ.
"ಕೆಟ್ಟು ನಿಂತಿದೆಯಾ? ನಮ್ಮಲ್ಲಿ ಹಗ್ಗ ಇದೆ," ಎಂದ ಅವನು.
"ಇಲ್ಲ, ನಾನೇ ಕೊನೆ. ಲೆಕ್ಕ ತಪ್ಪಿತು."
ಉಳಿದ ಕಡುಬು ಮಗುವಿಗೆ ಕೊಟ್ಟೆ, ಇನ್ನೂ ಬೆಚ್ಚಗಿತ್ತು.

ರಾತ್ರಿ ಸೌನಾದ ಮೇಲಿನ ಹಲಗೆಯಲ್ಲಿ ನಾವಿಬ್ಬರೇ,
ಬೆವರಿನ ಜೊತೆ ಕೆಂಪು ಮಣ್ಣು ಇಳಿಯುತ್ತಿತ್ತು.
"ಗುಡ್ಡದಲ್ಲಿ ಎಲ್ಲಿ ನಿಂತುಬಿಟ್ಟೆ?" ಕೇಳಿದ ಡ್ವೈಟ್,
ತನ್ನ ಅಂಗೈ ನೋಡಿಕೊಳ್ಳುತ್ತ.
"ಹಣ್ಣು," ಎಂದೆ.
ಅವನು ಸೌಟು ಮುಳುಗಿಸಿ
ಕಾದ ಕಲ್ಲಿನ ಮೇಲೆ ನೀರು ಹೊಯ್ದ,
ಬಹಳ ಹೊಯ್ದ,
ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು.